ಸರಸ್ವತಿ ಮೇಡಂ ಮತ್ತು ಸೀನನ ಅಟೆಂಡೆನ್ಸ್

ಜಪಾನಿನ ಚಿಕುಬು ದ್ವೀಪದಿಂದ ನಾಗಹಾಮಕ್ಕೆ ವಾಪಸ್ ಹೊರಟ ದೋಣಿಯಲ್ಲಿ ಸೀನ ಪುಸ್ತಕ ತೆಗೆದ. ನಾವು ಮೂವರೂ ತಕ್ಷಣ ಕಿಟಕಿ ಕಡೆ ತಿರುಗಿ, ಜನ್ಮದಲ್ಲೇ ನೀರು ನೋಡದವರ ಹಾಗೆ ಬಿವಾ ಸರೋವರ ನೋಡತೊಡಗಿದೆವು.

"ಇದು ಹನ್ನೊಂದನೇದು" ಅಂದ.

ಗೋಶುಇನ್ ಪುಸ್ತಕ. ದೇವಸ್ಥಾನದ ಕೌಂಟರಿನಲ್ಲಿ ಕೊಟ್ಟರೆ ಕುಂಚದಲ್ಲಿ ಕಪ್ಪಗೆ ಬರೆದು, ಕೆಂಪು ಮೊಹರು ಒತ್ತಿ, ಮಸಿ ಹರಡದ ಹಾಗೆ ತೆಳು ಕಾಗದ ಇಟ್ಟು ಮಡಚಿ ಕೊಡುತ್ತಾರೆ. ಸಾಮಾನ್ಯವಾಗಿ 300ರಿಂದ 500 ಯೆನ್. ನೋಡಲು ಚೆನ್ನಾಗಿಯೇ ಇರುತ್ತದೆ, ಅದೇ ಕಷ್ಟ.

"ಗುಡಿ ಹೇಗಿತ್ತೋ?" ಕೇಳಿದೆ.

"ಸೂಪರ್. ಕ್ಯೂ ಬೇಗ ಹೋಯ್ತು."

"ನೀನು ದೇವರನ್ನ ನೋಡೋಕೆ ಬರೋದಲ್ಲ ಸೀನ, ಅಟೆಂಡೆನ್ಸ್ ಹಾಕಿಸೋಕೆ ಬರೋದು. ಕಾಲೇಜಲ್ಲಿ 'ಯೆಸ್ ಮೇಡಂ' ಅಂದು ಹಿಂದಿನ ಬಾಗಿಲಿಂದ ಕ್ಯಾಂಟೀನಿಗೆ ಓಡ್ತಿದ್ವಲ್ಲ, ಹಾಗೆ."

"ಮೇಡಂ ಅಂದಿದ್ದು ಸರಿಯಾಗೇ ಇದೆ" ಅಂದಳು ಪದ್ಮ. "ಈ ಗುಡಿಯ ಬೆಂಜೈತೆನ್ ಅಂದ್ರೆ ನಮ್ಮ ಸರಸ್ವತಿನೇ ಅಲ್ವಾ. ವೀಣೆ ಬದಲು ಬಿವಾ ಅನ್ನೋ ತಂತಿವಾದ್ಯ ಹಿಡೀತಾಳೆ, ಅಷ್ಟೇ."

"ಆದ್ರೆ ಮೇಡಂ ಕ್ಲಾಸಿಗೆ ಎಲ್ಲಿ ಬಂದಿದ್ರು?" ಅಂದೆ. "ಈ ಹೋಗೊಂಜಿ ಗುಡಿಯ ಮೂಲ ವಿಗ್ರಹಕ್ಕೆ 60 ವರ್ಷಕ್ಕೊಮ್ಮೆ ಬಾಗಿಲು ತೆಗೆಯೋದು. 1977ರಲ್ಲಿ ತೆಗೆದಿದ್ರು, ಇನ್ನು 2037ಕ್ಕೆ. ಮೇಡಂ ರಜದಲ್ಲಿದ್ದಾಗ್ಲೂ ಹಾಜರಿ ಹಾಕಿಸ್ಕೊಂಡು ಬಂದಿದಾನೆ ನೋಡು ಇವನು."

ಗುಂಡಣ್ಣ ಮೊಣಕಾಲು ಒತ್ತುವುದನ್ನು ನಿಲ್ಲಿಸಿದ. "165 ಮೆಟ್ಟಿಲು ಹತ್ತಿಸಿ, ಒಳಗೆ ಬಾಗಿಲು ಹಾಕ್ಕೊಂಡು ಕೂತಿದಾಳಾ? ಮೊದಲೇ ಹೇಳಿದ್ರೆ ಕೆಳಗೇ ಐಸ್‌ಕ್ರೀಮ್ ತಿಂತಿದ್ದೆ."

"ಇದು ಹಳೇ ಸಂಪ್ರದಾಯ ಕಣ್ರೋ" ಅಂದ ಸೀನ.

"ಹೌದಪ್ಪ. ಬೌದ್ಧ ಸೂತ್ರಗಳನ್ನ ಕೈಯಾರೆ ಬರೆದು ಗುಡಿಗೆ ಒಪ್ಪಿಸಿದವರಿಗೆ ಕೊಡ್ತಿದ್ದ ರಸೀದಿ ಇದು. ನೀನು ಮಾಲು ಕೊಡದೇ ರಸೀದಿ ತಗೋತಿದೀಯ. ನಮ್ಮೂರಲ್ಲಾಗಿದ್ರೆ ಜಿಎಸ್‌ಟಿಯವರು ಹಿಡೀತಿದ್ರು."

ಪದ್ಮಳಿಗೆ ಆ ಮಣ್ಣಿನ ಬಿಲ್ಲೆಯದೇ ಚಿಂತೆ. ದ್ವೀಪದ ಗುಡ್ಡದ ಅಂಚಿನಲ್ಲಿ ಎರಡು ಪುಟ್ಟ ಬಿಲ್ಲೆ ಕೊಡುತ್ತಾರೆ. ಒಂದರ ಮೇಲೆ ಹೆಸರು, ಇನ್ನೊಂದರ ಮೇಲೆ ಕೋರಿಕೆ. ಎಸೆದದ್ದು ಕೆಳಗೆ ಸರೋವರದ ಕಡೆ ನಿಂತ 'ತೋರಿ' ಎಂಬ ಕಮಾನಿನೊಳಗೆ ತೂರಿ ಹೋದರೆ ಕೋರಿಕೆ ಫಲಿಸುತ್ತದಂತೆ. ಇವಳ ಹೆಸರು ಒಳಗೆ ಹೋಗಿತ್ತು, ಕೋರಿಕೆ ಕಂಬಕ್ಕೆ ಬಡಿದು ಚೂರಾಗಿತ್ತು.

"ಅಂದ್ರೆ ಅಪ್ಲಿಕೇಶನ್ ತಲುಪಿದೆ, ಏನು ಬೇಕು ಅಂತ ಗೊತ್ತಾಗಿಲ್ಲ" ಅಂದೆ.

"ಕನ್ನಡದಲ್ಲಿ ಬರೆದಿದ್ದೆ ಕಣೋ."

"ಸರಸ್ವತಿಗೆ ಕನ್ನಡ ಬರಲ್ವಾ? ಶೃಂಗೇರೀಲಿ ಇಷ್ಟು ವರ್ಷ ಕೂತು ಮತ್ತೇನು ಮಾಡಿದಾಳೆ?"

ಸೀನ ನಗಲಿಲ್ಲ, ಹಾಳೆ ತಿರುವುತ್ತಿದ್ದ. ನಿನ್ನೆ ನಾಗಹಾಮದಲ್ಲಿ ಹಿಕಿಯಾಮಾ ಹಬ್ಬ. ರಥದ ಮೇಲಿನ ಪುಟ್ಟ ರಂಗದಲ್ಲಿ ಐದಾರು ವರ್ಷದ ಹುಡುಗರೂ ಮುಖಕ್ಕೆ ಬಿಳಿ ಬಳಿದುಕೊಂಡು ಕಬುಕಿ ನಾಟಕ ಆಡುತ್ತಿದ್ದರು. ಹೆಣ್ಣುವೇಷದ ಒಬ್ಬ ಪೋರ ಅಳುವ ದೃಶ್ಯದ ನಡುವೆ ಮೆಲ್ಲಗೆ ಮೂಗು ಕೆರೆದುಕೊಂಡ. ಇಡೀ ಬೀದಿ ಕರಗಿಹೋಯಿತು. ಆಗಲೂ ಇವನು ಮೊಹರಿನ ಸಾಲಿನಲ್ಲಿ.

"ಮೊನ್ನೆ ಮಿಇದೆರಾ ಗುಡಿಯ ಗಂಟೆಯನ್ನಾದ್ರೂ ನೋಡಿದ್ಯಾ?" ಕೇಳಿದೆ.

"ಯಾವ ಗಂಟೆ?"

"ಬೆಂಕೆಯ್ ಎಳ್ಕೊಂಡು ಹೋದ ಗಂಟೆ. ಆ ಪೈಲ್ವಾನ್ ಸನ್ಯಾಸಿ ಅದನ್ನ ಹಿಯೇಯ್ ಬೆಟ್ಟದ ಮೇಲೆ ತನ್ನ ಮಠಕ್ಕೆ ಎಳ್ಕೊಂಡು ಹೋದ ಅಂತ ಕಥೆ. ಅಲ್ಲಿ ಬಾರಿಸಿದ್ರೆ ಅದು ಢಣ್ ಅನ್ನಲಿಲ್ಲವಂತೆ. 'ಇನೋ, ಇನೋ' ಅಂತ ಅತ್ತಿತಂತೆ. ಇಲ್ಲಿಯವರ ಮಾತಲ್ಲಿ ಹಾಗಂದ್ರೆ ಮನೆಗೆ ಹೋಗ್ತೀನಿ ಅಂತ. ಬೆಂಕೆಯ್‌ಗೆ ಸಿಟ್ಟು ಬಂದು ಕಣಿವೆಗೆ ಉರುಳಿಸಿಬಿಟ್ಟ. ಮೈಮೇಲೆ ಗೀರು ಈಗ್ಲೂ ಇದೆ. ನಿನಗೋಸ್ಕರ ಹತ್ತು ನಿಮಿಷ ಕಾದ್ವಿ, ನೀನು ಬರ್ಲಿಲ್ಲ."

ಗುಂಡಣ್ಣ ಕೂಡ ಸುಮ್ಮನಾದ. ಇಂಜಿನ್ ಸದ್ದು ಬಿಟ್ಟರೆ ಬೇರೇನಿಲ್ಲ.

"ನಾನು ಊರಿಗೆ ಹೋಗಿ ಮೂರು ವರ್ಷ ಆಯ್ತು ಕಣೋ" ಅಂದ ಸೀನ. "ಅಮ್ಮನ ಹತ್ರ ಶಾರ್ಟೇಜ್ ಆಗಿದೆ."

ಯಾರೂ ಏನೂ ಅನ್ನಲಿಲ್ಲ. ದಡ ಹತ್ತಿರ ಬಂತು. ಅವನು ಪುಸ್ತಕ ಚೀಲಕ್ಕೆ ಹಾಕಿ ಫೋನ್ ತೆಗೆದು, ದಸರಾ ಹೊತ್ತಿಗೆ ಬೆಂಗಳೂರಿಗೆ ಟಿಕೆಟ್ ಎಷ್ಟಿದೆ ಅಂತ ನೋಡತೊಡಗಿದ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿದ.

"ಏರ್‌ಪೋರ್ಟಲ್ಲಿ ಪಾಸ್‌ಪೋರ್ಟಿಗೆ ಸೀಲ್ ಹಾಕ್ತಾರೆ, ಅಲ್ವಾ?"