ಮಾವನ ಮನೆ ಗೀಸರ್ ಮತ್ತು ಆ ಫಾರ್ವರ್ಡ್ ಮೆಸೇಜು

ಮಾವ: (ಫಾರ್ವರ್ಡ್) ಗೀಸರ್‌ನಲ್ಲಿ ಬಿಸಿನೀರು ಬೇಗ ಖಾಲಿಯಾಗುತ್ತಿದೆಯೇ? ಥರ್ಮೋಸ್ಟಾಟ್ ಪೂರ್ತಿ ಏರಿಸಿ. ತೊಟ್ಟಿಕ್ಕುವ ಸೇಫ್ಟಿ ವಾಲ್ವ್ ಬಾಯಿಗೆ ಬಿರಡೆ ಹಾಕಿ. ನೀರು ದುಪ್ಪಟ್ಟು ಸಿಗುತ್ತದೆ. ಎಲ್ಲರಿಗೂ ಕಳಿಸಿ.

ಮಾವ: ನಮ್ಮ ಮನೆಯಲ್ಲೂ ಇದೇ ಗೋಳು. ಒಂದು ಬಕೆಟ್ ತುಂಬುವಷ್ಟರಲ್ಲಿ ನೀರು ತಣ್ಣಗಾಗುತ್ತದೆ. ನಾಳೆಯೇ ಮಾಡಿಸುತ್ತೇನೆ.

ನಾನು: ಮಾವ, ದಯವಿಟ್ಟು ಬೇಡ. ಆ ವಾಲ್ವ್ ಮುಚ್ಚಲೇಬಾರದು. ನೀರು ಕಾದರೆ ಹಿಗ್ಗುತ್ತದೆ, ಆ ಒತ್ತಡ ಹೊರಗೆ ಹೋಗಲು ಇರುವ ದಾರಿ ಅದು. ಥರ್ಮೋಸ್ಟಾಟೂ, ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟೂ ಒಟ್ಟಿಗೆ ಕೈಕೊಟ್ಟರೆ ಟ್ಯಾಂಕೇ ಸಿಡಿಯಬಹುದು.

ಚಿಕ್ಕಮ್ಮ: ಸುಮ್ನೆ ಹೆದರಿಸಬೇಡ ಕಣೋ. ನಮ್ಮದು ಎಷ್ಟೋ ವರ್ಷದಿಂದ ತೊಟ್ಟಿಕ್ಕುತ್ತಿದೆ, ಏನೂ ಆಗಿಲ್ಲ.

ನಾನು: ತೊಟ್ಟಿಕ್ಕುತ್ತಿದೆ ಅಂತಲೇ ಏನೂ ಆಗಿಲ್ಲ ಚಿಕ್ಕಮ್ಮ. ಕಾಯುವಾಗ ನಾಲ್ಕು ಹನಿ ಬಿದ್ದರೆ ಪರವಾಗಿಲ್ಲ. ಸ್ವಿಚ್ ಆಫ್ ಇದ್ದಾಗಲೂ ಸುರಿಯುತ್ತಿದ್ದರೆ ಹೊಸ ವಾಲ್ವ್ ಹಾಕಿಸಿ. ಮುಚ್ಚಬೇಡಿ.

ಭಾವ: ವಾಲ್ವ್ ವಿಷಯ ಸರಿ. ಆದರೆ ಥರ್ಮೋಸ್ಟಾಟ್ ಏರಿಸಿದರೆ ಏನು ತಪ್ಪು? ನೀರು ಜಾಸ್ತಿ ಕಾದರೆ ಜಾಸ್ತಿ ತಣ್ಣೀರು ಬೆರೆಸಬಹುದು ಅಲ್ವಾ?

ನಾನು: ಬೆರೆಸಬಹುದು ಭಾವ. ಆದರೆ ಈಗಿರುವ ಲೆಕ್ಕವೇ ತಾಳೆಯಾಗುತ್ತಿಲ್ಲ. ಮಾವನದು 15 ಲೀಟರ್ ಗೀಸರ್. ನಲ್ಲಿ ನೀರು 25 ಡಿಗ್ರಿ ಇದ್ದು, ಗೀಸರ್ 60ರವರೆಗೆ ಕಾಯಿಸಿದರೆ, 40 ಡಿಗ್ರಿಯ ಸ್ನಾನದ ನೀರು ಸುಮಾರು 35 ಲೀಟರ್ ಸಿಗಬೇಕು. ಮಾವನಿಗೆ ಒಂದು ಬಕೆಟ್ಟೂ ನೆಟ್ಟಗೆ ಸಿಗುತ್ತಿಲ್ಲ. ಒಂದೋ ನೀರು ಪೂರ್ತಿ ಕಾಯುತ್ತಿಲ್ಲ, ಇಲ್ಲವೇ ಎಲ್ಲೋ ತಣ್ಣೀರು ಬಂದು ಸೇರುತ್ತಿದೆ. ಅದನ್ನು ಬಿಟ್ಟು ಬಿಸಿ ಏರಿಸಿದರೆ ಕರೆಂಟೂ ದಂಡ. ಅದೂ ಅಲ್ಲದೆ ಮನೆಯಲ್ಲಿ ಚಿಕ್ಕ ಮಗು ಇದೆ. 60 ಡಿಗ್ರಿ ನೀರೇ ಕೆಲವು ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ.

ಅಕ್ಕ: 25 ಲೀಟರಿನ ಹೊಸದು ತಗೊಂಡರೆ ಮುಗೀತಲ್ಲ?

ನಾನು: ತಪ್ಪು ಪೈಪಿನಲ್ಲಿದ್ದರೆ ಹೊಸದರದ್ದೂ ಅದೇ ಗತಿ ಅಕ್ಕ. ಮಾವ, ಇದು ಯಾವಾಗಿನಿಂದ ಶುರುವಾಯಿತು?

ಮಾವ: ದೀಪಾವಳಿಗೆ ಬಾತ್‌ರೂಮ್ ಟೈಲ್ಸ್ ಹಾಕಿಸಿದೆವಲ್ಲ, ಆಮೇಲಿಂದ. ಚಳಿಗೆ ಹೀಗಾಗುತ್ತಿದೆ ಅಂದುಕೊಂಡೆ.

ನಾನು: ಚಳಿಗಾಲದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ಇಷ್ಟೊಂದಲ್ಲ. ಆಗ ಪೈಪು ಬಿಚ್ಚಿ ಹಾಕಿರುತ್ತಾರೆ. ನೀಲಿ ಗುರುತಿನ ಕಡೆ ತಣ್ಣೀರು ಒಳಗೆ ಹೋಗಬೇಕು, ಕೆಂಪು ಗುರುತಿನ ಕಡೆಯಿಂದ ಬಿಸಿನೀರು ಬರಬೇಕು. ಅದಲುಬದಲಾದರೆ ತಣ್ಣೀರು ಟ್ಯಾಂಕಿನ ಮೇಲ್ಭಾಗಕ್ಕೇ ಹೋಗಿ ಕಾದ ನೀರಿನ ಜೊತೆ ಕಲೆಯುತ್ತದೆ. ಮೊದಲು ಅದನ್ನು ನೋಡಿ.
ಅದು ಸರಿಯಿದ್ದರೆ, ನೀರು ಕಾಯಿಸಿ ಸ್ವಿಚ್ ಆಫ್ ಮಾಡಿ. ಗೀಸರ್‌ಗೆ ನೀರು ಹೋಗುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಿ. ಬೇಗನೆ ನೀರು ನಿಲ್ಲಬೇಕು. ನಿಲ್ಲದಿದ್ದರೆ ಬೇರೆ ಕಡೆಯಿಂದ ತಣ್ಣೀರು ನುಗ್ಗುತ್ತಿದೆ.

ಭಾವ: ಬೋರ್ ನೀರಲ್ವಾ ಅಲ್ಲಿ? ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟಿರಬಹುದು.

ನಾನು: ಕಟ್ಟಿರುತ್ತದೆ, ಸರ್ವಿಸ್ ಮಾಡಿಸಲೇಬೇಕು. ಆದರೆ ಸುಣ್ಣ ವರ್ಷಗಟ್ಟಲೆ ನಿಧಾನಕ್ಕೆ ಕಟ್ಟುತ್ತದೆ. ಟೈಲ್ಸ್ ಹಾಕಿಸಿದ ಮರುದಿನವೇ ಬರುವ ತೊಂದರೆ ಅದಲ್ಲ.

ಮಾವ: ನೋಡಿದೆ. ಪೈಪು ಸರಿಯಾಗಿದೆ. ವಾಲ್ವ್ ಮುಚ್ಚಿದರೂ ನೀರು ನಿಲ್ಲುತ್ತಿಲ್ಲ. ಅದೂ ತಣ್ಣಗೇ ಬರುತ್ತಿದೆ.

ನಾನು: ಟ್ಯಾಂಕಿನಲ್ಲಿ ಬಿಸಿನೀರಿದ್ದೂ ತಣ್ಣಗೆ ಬರುತ್ತಿದೆ ಅಂದರೆ ಅದು ಗೀಸರ್‌ನದಲ್ಲ, ಬಿಸಿನೀರು, ತಣ್ಣೀರು ಬೆರೆಸುವ ಯಾವುದೋ ಮಿಕ್ಸರ್ ನಲ್ಲಿಯ ಮೂಲಕ ಬರುತ್ತಿದೆ. ಹೊಸ ಹ್ಯಾಂಡ್ ಶವರ್ ಹಾಕಿಸಿದಿರಾ? ಅದರ ತುದಿಯ ಬಟನ್ ಮಾತ್ರ ಮುಚ್ಚಿ, ಗೋಡೆಯ ಬಿಸಿ, ತಣ್ಣೀರಿನ ನಾಬ್ ಎರಡೂ ತೆರೆದಿಟ್ಟರೆ ತಣ್ಣೀರು ಬಿಸಿನೀರಿನ ಪೈಪಿಗೆ ದಾಟುತ್ತದೆ.

ಚಿಕ್ಕಮ್ಮ: ಅಯ್ಯೋ, ನಾನು ಆ ಮೆಸೇಜನ್ನು ಆಗಲೇ ಅಪಾರ್ಟ್‌ಮೆಂಟ್ ಗುಂಪಿಗೆ ಕಳಿಸಿಬಿಟ್ಟೆ.

ನಾನು: ಈಗಲೇ ಡಿಲೀಟ್ ಮಾಡಿ ಚಿಕ್ಕಮ್ಮ. ಸೇಫ್ಟಿ ವಾಲ್ವ್ ಮುಚ್ಚಬೇಡಿ ಅಂತ ಒಂದು ಸಾಲನ್ನೂ ಬರೆಯಿರಿ, ಆಗಲೇ ಓದಿದವರು ಇರುತ್ತಾರೆ.

ಮಾವ: ಹ್ಯಾಂಡ್ ಶವರ್ ನಾಬ್ ಎರಡೂ ತೆರೆದೇ ಇದ್ದವು. ಮುಚ್ಚಿದೆ, ನೀರು ನಿಂತಿತು.

ಚಿಕ್ಕಮ್ಮ: ಡಿಲೀಟ್ ಮಾಡಿದೆ. ಬರೆದೂ ಹಾಕಿದೆ.