ಅಪ್‌ಡೇಟ್: ಹಳೇ ಬಾಗಿಲಿನ ಬಣ್ಣದಲ್ಲಿ ಸೀಸ ಇತ್ತು, ಕೆಲಸ ಮುಗಿಯಿತು

ಶಿರಸಿಯ ನಮ್ಮ ಹಳೇ ಮನೆಯ ಹಲಸಿನ ಬಾಗಿಲು ಉಜ್ಜಿದರೆ ಸೀಸದ ಧೂಳು ಏಳುತ್ತದಾ ಅಂತ ಕೇಳಿದ್ದೆ, ಅಲ್ವಾ? ಬಣ್ಣದ ಚಕ್ಕೆಯನ್ನು ಲ್ಯಾಬಿಗೆ ಕಳಿಸಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಸೀಸ ಇದೆ ಅಂತಲೇ ವರದಿ ಬಂತು.

ಬಿಸಿ ಗಾಳಿ ಊದಿ ಬಣ್ಣ ಕೀಳುವ ಹಾಟ್ ಏರ್ ಗನ್ನಿನ ಸಲಹೆ ಕೈಬಿಟ್ಟೆವು. ಬಿಸಿ ಜಾಸ್ತಿಯಾದರೆ ಸೀಸದ ಹೊಗೆಯೇ ಏಳುತ್ತದಂತೆ. ಹಳೇದರ ಮೇಲೇ ಹೊಸ ಬಣ್ಣ ಹಚ್ಚಿ ನೋಡಿದೆವು, ಚೌಕಟ್ಟಿಗೆ ತಾಗುವ ಅಂಚಿನಲ್ಲಿ ನಿಲ್ಲಲೇ ಇಲ್ಲ. ಕೈ ಹಿಡಿದದ್ದು ನೀರು ಚಿಮುಕಿಸಿ ವಾಟರ್ ಪೇಪರಿನಿಂದ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಉಜ್ಜುವ ದಾರಿ. ಮಕ್ಕಳನ್ನು ಅಜ್ಜನ ಮನೆಗೆ ಕಳಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ ಮಾಡಿದೆವು. ಕಸಬರಿಗೆ ಮುಟ್ಟಲಿಲ್ಲ, ಒದ್ದೆ ಬಟ್ಟೆಯಲ್ಲೇ ಒರೆಸಿದೆವು. ಹಾಕಿಕೊಂಡಿದ್ದ ಬಟ್ಟೆಯನ್ನೂ ಬೇರೆಯೇ ಒಗೆದೆವು.

ಆಶ್ಚರ್ಯ ಏನಂದ್ರೆ, ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಾಗಾಗಿ ಅಜ್ಜನ ಕಾಲದ ಮನೆಯೇ ಆಗಬೇಕಂತಿಲ್ಲ, ಆ ನಿಯಮಕ್ಕಿಂತ ಮುಂಚೆ ಬಣ್ಣ ಕಂಡ ಯಾವ ಮನೆಯಲ್ಲೂ ಪರೀಕ್ಷೆ ಮಾಡಿಸಿಯೇ ಉಜ್ಜಿ.