ಕಿಲಿಮಂಜಾರೊಗೆ ಐದು ದಿನ ಸಾಕಾ, ಎಂಟು ದಿನ ಬೇಕಾ?

ಬಟ್ಟೆ ಅಂಗಡಿ, ಕಲಬುರಗಿ

ನನಗೆ 47 ವರ್ಷ. ಸೂಪರ್ ಮಾರ್ಕೆಟ್ ಹತ್ತಿರ ಅಂಗಡಿ. ಜನವರಿ ಕೊನೆಗೆ ಮಗಳ ಜೊತೆ ಆಫ್ರಿಕಾದ ಕಿಲಿಮಂಜಾರೊ ಬೆಟ್ಟ ಹತ್ತಬೇಕು ಅಂತ ಕೂತಿದ್ದೇನೆ. ಒಬ್ಬ ಏಜೆಂಟ್ ಮರಾಂಗು ದಾರಿ, ಐದು ದಿನ ಅಂತಾರೆ. ಟೆಂಟ್ ಬೇಡ, ಮರದ ಮನೆಯಲ್ಲಿ ಮಲಗಬಹುದು, ರೊಕ್ಕವೂ ಕಡಿಮೆ. ಇನ್ನೊಬ್ಬರು ಲೆಮೋಶೊ ದಾರಿ, ಎಂಟು ದಿನ ಅಂತಾರೆ. ಖರ್ಚು ಕೇಳಿ ಮನೆಯವರು ಮಾತು ಬಿಟ್ಟಿದ್ದಾರೆ. ಗೈಡ್ ಇಲ್ಲದೆ ಹೋದರೆ ಉಳಿಯುತ್ತೆ ಅಲ್ವಾ ಅಂತಾಳೆ ಮಗಳು. ನಾನು ಇದುವರೆಗೆ ಹತ್ತಿದ್ದು ನಮ್ಮ ಗೋಡೌನ್ ಮೆಟ್ಟಿಲು ಮಾತ್ರ. ಹೋಗಿ ಬಂದವರು ಹೇಳಿ.

ಕೋಟೆ ಗಾಳಿ, ಬೀದರ್

ಗೈಡ್ ವಿಷಯ ಬಿಡಿ, 1991ರಿಂದಲೇ ಕಡ್ಡಾಯ. ದಿನದ ಲೆಕ್ಕ ಮಾತ್ರ ನನ್ನಿಂದ ಕೇಳಿ, ನಾನು ಸೋತು ಬಂದವನು.

ನಾನೂ ಮರಾಂಗು ಐದು ದಿನವೇ ತಗೊಂಡಿದ್ದೆ. ಮೊದಲ ರಾತ್ರಿ ಮಂದಾರಾ, 2,720 ಮೀಟರ್. ಎರಡನೇದು ಹೊರೊಂಬೊ, 3,720. ಮೂರನೇ ದಿನ ಕಿಬೊ, 4,720. ದಿನಕ್ಕೆ ಸಾವಿರ ಮೀಟರ್! ನಮ್ಮ ಮುಳ್ಳಯ್ಯನಗಿರಿಯೇ 1,930. ಅವತ್ತೇ ಮಧ್ಯರಾತ್ರಿ ಎಬ್ಬಿಸಿ ತುದಿಗೆ ಹೊರಡಿಸಿದರು. ನಿದ್ದೆ ಬಂದಿರಲಿಲ್ಲ. ಊಟ ಸೇರಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಲ್ಲೇ ಇತ್ತು, ವಾಸನೆಗೇ ವಾಂತಿ ಬರುತ್ತಿತ್ತು.

ತುದಿಗೆ ಮುಂಚೆ ಸಿಗುವ ಗಿಲ್ಮನ್ಸ್ ಪಾಯಿಂಟ್ ಕೆಳಗೆ ಗೈಡ್ ನನ್ನ ನಿಲ್ಲಿಸಿ ಟಾರ್ಚ್ ಬೆಳಕಲ್ಲಿ ನೇರ ಹತ್ತು ಹೆಜ್ಜೆ ನಡಿ ಅಂದ. ಮೂರನೇ ಹೆಜ್ಜೆಗೇ ಕುಡಿದವನ ಹಾಗೆ ಪಕ್ಕಕ್ಕೆ ವಾಲಿದೆ. ನಾನು ಜಗಳ ಮಾಡಿದೆ, ಇಷ್ಟು ದೂರ ಬಂದಿದ್ದೇನೆ ಅಂತ. ಅವನು ಒಂದು ಮಾತೂ ಆಡದೆ ನನ್ನ ತೋಳು ಹಿಡಿದು ಕೆಳಗೆ ತಿರುಗಿಸಿದ. ಹೊರೊಂಬೊ ತಲುಪುವಷ್ಟರಲ್ಲಿ ತಲೆನೋವೇ ಇರಲಿಲ್ಲ. ಅಲ್ಲಿ ಕೂತು ಆ ರೊಟ್ಟಿ ತಿಂದೆ.

ಲೆಮೋಶೊದಲ್ಲಿ ಒಂದು ದಿನ ಲಾವಾ ಟವರ್ ಅನ್ನೋ ಬಂಡೆ ತನಕ, ಅಂದರೆ ಸುಮಾರು 4,600 ಮೀಟರ್ ಹತ್ತಿಸಿ, ಮಲಗೋಕೆ ಮತ್ತೆ 4,000ದ ಹತ್ತಿರ ಇಳಿಸುತ್ತಾರೆ. ದೇಹ ಒಗ್ಗುವುದೇ ಹಾಗೆ. ಗೈಡ್‌ಗಳು ದಾರಿಯುದ್ದಕ್ಕೂ ‘ಪೋಲೆ ಪೋಲೆ’ ಅಂತಾರೆ. ನಮ್ಮ ‘ಸಾವಕಾಶ ಬರ್ರಿ’ ಅಷ್ಟೇ. ಮರಾಂಗುವೇ ಬೇಕಾದರೆ ಹೊರೊಂಬೊದಲ್ಲಿ ಒಂದು ದಿನ ಜಾಸ್ತಿ ನಿಲ್ಲಿ. ಬೂಟು ಬೇಕಾದರೆ ಬಾಡಿಗೆಗೆ ತಗೊಳ್ಳಿ, ದಿನದಲ್ಲಿ ಮಾತ್ರ ಉಳಿಸಬೇಡಿ.

ಮೊಣಕಾಲು, ಯಾದಗಿರಿ

ಮೇಲಿನವರು ಬೂಟು ಬಾಡಿಗೆಗೆ ಅಂದರಲ್ಲ, ಅದೊಂದನ್ನು ಒಪ್ಪಲ್ಲ. ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ಸಾಕು. ಬೂಟು ಈಗಲೇ ಕೊಂಡು ಅಂಗಡಿಯಲ್ಲೂ ಹಾಕಿಕೊಂಡೇ ಓಡಾಡಿ. ಗಿರಾಕಿ ನಕ್ಕರೆ ನಗಲಿ. ಭಾನುವಾರ ನಮ್ಮ ಕೋಟೆ ಗುಡ್ಡಕ್ಕೆ ಬನ್ನಿ, ಬ್ಯಾಗಲ್ಲಿ ಐದು ಲೀಟರ್ ನೀರಿಟ್ಟುಕೊಂಡು ನಾಲ್ಕು ಸಲ ಹತ್ತಿಳಿಯಿರಿ. ಇಳಿಯುವುದು ಮುಖ್ಯ. ತುದಿಯ 5,895 ಮೀಟರಿಂದ ಇಳಿದಾಗ ನನ್ನ ಮೊಣಕಾಲು ಹದಿನೈದು ದಿನ ಮಾತು ಕೇಳಲಿಲ್ಲ.

ಕೀನ್ಯಾ ಅಥವಾ ಇಥಿಯೋಪಿಯಾ ಮೇಲೆ ಟಿಕೆಟ್ ಆದರೆ ಹಳದಿ ಜ್ವರದ ಲಸಿಕೆ ಕಾರ್ಡ್ ಇಟ್ಟುಕೊಳ್ಳಿ. ಹತ್ತು ದಿನ ಮೊದಲೇ ಹಾಕಿಸಿರಬೇಕು. ಎತ್ತರದಲ್ಲಿ ಬರುವ ತಲೆನೋವು, ವಾಂತಿ ತಡೆಯೋಕೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಸುಮ್ನೆ ನುಂಗಬೇಡಿ, ಡಾಕ್ಟರನ್ನು ಕೇಳಿ.

ಬಟ್ಟೆ ಅಂಗಡಿ, ಕಲಬುರಗಿ

ಎಂಟು ದಿನಕ್ಕೇ ಹೇಳಿಬಿಟ್ಟೆ. ಮನೆಯವರಿಗೆ ಬೀದರಿನವರ ಕಥೆ ಓದಿ ಹೇಳಿದ ಮೇಲೆ ಮಾತು ಶುರುವಾಗಿದೆ. ಯಾದಗಿರಿಯವರೇ, ಈ ಭಾನುವಾರ ಬೆಳಗಿನ ರೈಲಿಗೆ ಬರುತ್ತೇವೆ. ಸ್ಟೇಷನ್ನಿಂದ ಗುಡ್ಡಕ್ಕೆ ನಡೆದೇ ಹೋಗಬಹುದಾ?